ಮೊದಲು ಊಟ, ಆಮೇಲೆ ಮಾತು

ನಮ್ಮವರ ಟೆಂಪೋ ಓಣಿಗೆ ತಿರುಗಿತು ಅಂದರೆ ಮೊದಲು ಬರುವುದು ವಾಸನೆ, ಆಮೇಲೆ ಸದ್ದು. ಬೆಳಗಿನ 4 ಗಂಟೆಗೆ ಬೈತಖೋಲ ಬಂದರಿಗೆ ಹೋಗಿ, ಬೋಟಿನಿಂದ ಇಳಿದ ಮೀನನ್ನು ಹರಾಜಿನಲ್ಲಿ ಹಿಡಿದು, ಐಸ್ ಹಾಕಿ, ಕದ್ರಾ, ಮಲ್ಲಾಪುರದ ಕಡೆ ಮಾರಿ ಬರುವುದು ಅವರ ಕೆಲಸ. 19 ವರ್ಷದಿಂದ ಇದೇ. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಬಿಟ್ಟರೆ ನಮ್ಮ ಮನೆಯ ಬಟ್ಟೆ, ಬಾಗಿಲ ಚಿಲಕ, ಡಬ್ಬಿಯೊಳಗಿನ ನೋಟು, ಎಲ್ಲದಕ್ಕೂ ಮೀನಿನ ವಾಸನೆ.

ನಾನು ಶಿರಸಿಯಲ್ಲಿ ಹುಟ್ಟಿ ಬೆಳೆದವಳು. ಅಲ್ಲಿ ದೇವಿಮನೆ ಘಟ್ಟ ಹತ್ತಿ ಬರುವ ಮೀನಿಗೆ ಕಾಯುತ್ತಿದ್ದೆವು. ಮದುವೆಯಾಗಿ ಕಾರವಾರದ ಕೋಡಿಬಾಗಕ್ಕೆ ಬಂದ ಹೊಸತರಲ್ಲಿ ಈ ವಾಸನೆಗೆ ಹೊಂದಿಕೊಳ್ಳಲು ನನಗೂ ಕಷ್ಟವಾಗಿತ್ತು. ಈಗ ಹಾಗೇನಿಲ್ಲ. ಮನೆಯ ಸಾಲ ತೀರಿದ್ದು, ಅತ್ತೆಯ ಕಣ್ಣಿನ ಆಪರೇಷನ್ ಆದದ್ದು, ಇಬ್ಬರು ಮಕ್ಕಳು ಓದುತ್ತಿರುವುದು ಎಲ್ಲ ಇದೇ ಮೀನಿನ ದುಡ್ಡಲ್ಲಿ.

2025ರ ಜನವರಿಯ ಒಂದು ಶುಕ್ರವಾರ. ಮಗ ಆಗ ಫಸ್ಟ್ ಪಿಯುಸಿ ಸೈನ್ಸ್. ಪ್ರಾಕ್ಟಿಕಲ್ ರೆಕಾರ್ಡ್ ಮನೆಯಲ್ಲೇ ಬಿಟ್ಟು ಹೋಗಿದ್ದ. ಆ ದಿನವೇ ಸಹಿ ಮಾಡಿಸಬೇಕಿತ್ತು. ನಾನು ಇವರಿಗೆ ಫೋನ್ ಮಾಡಿದೆ. ಅರ್ಧ ಮೀನು ಇನ್ನೂ ಗಾಡಿಯಲ್ಲೇ ಇತ್ತು. ಆದರೂ ಮನೆಗೆ ಬಂದು ಪುಸ್ತಕ ತಗೊಂಡು ಬಸ್ ಸ್ಟ್ಯಾಂಡ್ ಹತ್ತಿರ ಹೋದರು. ಮಗ ಗೆಳೆಯರ ಜೊತೆ ನಿಂತಿದ್ದ. ಇವರು ಗಾಡಿಯಿಂದ ಇಳಿದು, ಕೈಯನ್ನು ಲುಂಗಿಗೆ ಒರೆಸಿಕೊಂಡು, ರೆಕಾರ್ಡ್ ಕೊಟ್ಟು ತಿರುಗಿದರು. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಒಬ್ಬ ಹುಡುಗ ಕೇಳಿದ, “ಯಾರೋ ಅದು?”

“ಗೊತ್ತಿಲ್ಲ ಮಾರಾಯ. ಮನೆ ಹತ್ತಿರದವ್ರು ಯಾರೋ, ಮೀನಿನ ಗಾಡಿಯವ್ರು” ಎಂದನಂತೆ ನನ್ನ ಮಗ.

ಇದನ್ನು ನನಗೆ ಹೇಳಿದ್ದು ಇವರಲ್ಲ. ಸಂಜೆ ಪಕ್ಕದ ಮನೆಯ ಹುಡುಗಿ ಹೇಳಿದಳು. ಅವಳೂ ಅಲ್ಲೇ ಬಸ್ಸಿಗೆ ಕಾಯುತ್ತಿದ್ದಳು. ಕೇಳಿದ ಕೂಡಲೇ ನನ್ನ ಕೈಕಾಲು ತಣ್ಣಗಾದವು. ಆಮೇಲೆ ಸಿಟ್ಟು ಬಂತು. ಮಗ ಮನೆಯೊಳಗೆ ಕಾಲಿಡುವುದನ್ನೇ ಕಾದೆ. ಚಪ್ಪಲಿ ಬಿಡಲೂ ಸಮಯ ಕೊಡಲಿಲ್ಲ. ನೀನು ಉಣ್ಣುವ ಅನ್ನ ಎಲ್ಲಿಂದ ಬರುತ್ತೆ, ಆ ರೆಕಾರ್ಡ್ ಪುಸ್ತಕ ಯಾವ ದುಡ್ಡಲ್ಲಿ ಬಂತು, ಅಪ್ಪನನ್ನು ಯಾರೋ ಅನ್ನಲು ನಾಲಿಗೆ ಹೇಗೆ ಬಂತು ಎಂದು ಒಂದೇ ಸಮನೆ ಕೂಗಿದೆ. ಅವನು ತಲೆ ತಗ್ಗಿಸಿ ನಿಂತ. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ರಾತ್ರಿ ಊಟಕ್ಕೆ ಬರಲಿಲ್ಲ.

ನಾವು ಕಥೋಲಿಕ ಕ್ರೈಸ್ತರು. ನಮ್ಮ ಮನೆಯಲ್ಲಿ ರಾತ್ರಿ 8 ಗಂಟೆಗೆ ಜಪಮಾಲೆ ಪ್ರಾರ್ಥನೆ. ಅತ್ತೆ ಇರುವಷ್ಟು ದಿನ ಅದು ತಪ್ಪುವ ಹಾಗಿಲ್ಲ. ಆ ದಿನವೂ ಕೂತೆವು, ಮಗನೊಬ್ಬನನ್ನು ಬಿಟ್ಟು. ಐದು ರಹಸ್ಯ (ಯೇಸು, ಮರಿಯಮ್ಮನ ಬದುಕಿನ ಐದು ಘಟನೆಗಳ ಧ್ಯಾನ), ಪ್ರತಿ ರಹಸ್ಯಕ್ಕೂ ಒಂದು ಸಲ ‘ನಮ್ಮ ತಂದೆಯೇ’ ಪ್ರಾರ್ಥನೆ. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸುವ ಹಾಗೆ ನಮ್ಮ ತಪ್ಪುಗಳನ್ನೂ ಕ್ಷಮಿಸು ಎಂದು ಅಷ್ಟೂ ಸಲ ಬಾಯಲ್ಲಿ ಹೇಳಿದೆ. ಮನಸ್ಸು ಪೂರ್ತಿ ಆ ಮುಚ್ಚಿದ ಬಾಗಿಲ ಮೇಲೇ ಇತ್ತು. ಬಾಗಿಲು ತೆಗೆದರೆ ಇನ್ನೂ ಏನೇನು ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಮಲಗುವಾಗ ಇವರನ್ನು ಕೇಳಿದೆ, “ನಿಮಗೆ ಕೇಳಿಸಿತ್ತಾ?”

“ಹೂಂ, ಕೇಳಿಸ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಅವನು ಉಣ್ತಿರಲಿಲ್ಲ” ಎಂದರು. ಮಗ್ಗುಲಾದರು. ಅವರಿಗೆ 4 ಗಂಟೆಗೂ ಮೊದಲೇ ಏಳಬೇಕಲ್ಲ. ಆದರೆ ತುಂಬಾ ಹೊತ್ತಿನವರೆಗೂ ನಿದ್ದೆ ಬಂದಿರಲಿಲ್ಲ ಎಂದು ಉಸಿರಿನಲ್ಲೇ ಗೊತ್ತಾಗುತ್ತಿತ್ತು.

ಮರುದಿನ ಬೆಳಿಗ್ಗೆ 6ಕ್ಕೆಲ್ಲ ಟೆಂಪೋ ಮನೆ ಮುಂದೆ ನಿಂತಿತು. ನನಗೆ ಗಾಬರಿ. ಬಂದರಿನಿಂದ ನೇರ ಕದ್ರಾ ರಸ್ತೆ ಹಿಡಿಯುವವರು ಅವರು. ತಡವಾದರೆ ಐಸ್ ಕರಗುತ್ತದೆ, ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಾರೆ. ಹಿಂದಿನ ಬಾಕ್ಸುಗಳಿಂದ ನೀರು ರಸ್ತೆಗೆ ತೊಟ್ಟಿಕ್ಕುತ್ತಿತ್ತು. ಇವರು ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಬಂಗಡೆ ಹಿಡಿದು ನೇರ ಹಿತ್ತಲಿಗೆ ಹೋದರು. ಅತ್ತೆ ಸ್ನಾನಕ್ಕೆ ನೀರು ಕಾಯಿಸಲು ಬಚ್ಚಲ ಒಲೆಗೆ ಬೆಂಕಿ ಹಾಕಿದ್ದರು. ತೆಂಗಿನ ಕರಟ ಉರಿದು ಕೆಂಪು ಕೆಂಡವಾಗಿತ್ತು. ಅದನ್ನು ಸಲಿಕೆಯಿಂದ ಮುಂದೆ ಎಳೆದು ಹರಡಿದರು. ಮೀನು ತೊಳೆದು, ಕೀಸಿ, ಬರೀ ಉಪ್ಪು ಸವರಿ, ಹಳೆ ತಂತಿ ಜಾಳಿಗೆಯ ಮೇಲೆ ಇಟ್ಟು ಕುಕ್ಕರುಗಾಲಲ್ಲಿ ಕೂತರು.

ಕೆಂಡದ ಮೇಲೆ ಸುಟ್ಟ ಬಂಗಡೆ ತಿಂದವರಿಗೆ ಗೊತ್ತು. ಮೊದಲು ಚರ್ಮ ಉಬ್ಬುತ್ತದೆ. ಆಮೇಲೆ ಬಿರಿದು, ಒಳಗಿನ ಎಣ್ಣೆ ಕೆಂಡಕ್ಕೆ ಬಿದ್ದು ಚುರ್ ಎನ್ನುತ್ತದೆ. ಆ ಹೊಗೆ ಮನೆಯ ಯಾವ ಮುಚ್ಚಿದ ಬಾಗಿಲನ್ನೂ ಬಿಡುವುದಿಲ್ಲ. ಮಗನ ಕೋಣೆಯ ಬಾಗಿಲು ತೆರೆಯಿತು.

ಇವರು ತಲೆ ಎತ್ತಿ ನೋಡಿ, “ಬಾ, ಉಣ್ಣು” ಎಂದರು. ಅಷ್ಟೇ.

ನಾನು ಕುಚ್ಚಲಕ್ಕಿ ಗಂಜಿ ಬಡಿಸಿದೆ. ತವರಿನಿಂದ ತಂದಿದ್ದ ಅಪ್ಪೆಮಿಡಿ ಇಟ್ಟೆ. ಇವರು ಒಂದು ಬಂಗಡೆ ತೆಗೆದು, ಬಿಸಿಗೆ ಬೆರಳು ಊದಿಕೊಳ್ಳುತ್ತಾ ಸುಟ್ಟ ಸಿಪ್ಪೆ ಸುಲಿದರು. ನಡುವಿನ ಮುಳ್ಳನ್ನು ಬಾಲದ ಕಡೆಯಿಂದ ಹಿಡಿದು ಒಂದೇ ಎಳೆತಕ್ಕೆ ಪೂರ್ತಿ ಬಿಡಿಸಿದರು. ಮೀನನ್ನು ಮಗನ ತಟ್ಟೆಗೆ ಹಾಕಿದರು. ಅವನು ಮೂರು ನಾಲ್ಕು ವರ್ಷದವನಿದ್ದಾಗ ಹಾಗೆ ಮುಳ್ಳು ಬಿಡಿಸಿ ಕೊಡುತ್ತಿದ್ದರು. ಆಮೇಲೆ ಆ ದಿನವೇ ನಾನು ನೋಡಿದ್ದು.

“ಪಪ್ಪಾ, ನಿನ್ನೆ ನಾನು...”

“ಗೊತ್ತು. ಉಣ್ಣು ಮೊದಲು. ಆರ್ತದೆ.”

ಅವನು ಅಳುತ್ತಾ ಉಂಡ. ಎರಡು ಬಂಗಡೆ ತಿಂದ. ಕೈ ತೊಳೆದ ಮೇಲೆ ಇವರು ಕೇಳಿದ್ದು ಒಂದೇ ಪ್ರಶ್ನೆ, “ಇವತ್ತು ರಜೆ ಅಲ್ವಾ? ಬಾಕ್ಸ್ ಇಳಿಸಲು ಜನ ಇಲ್ಲ, ಬರ್ತೀಯಾ?” ಅವನು ಆ ದಿನ ಹೋಗಲಿಲ್ಲ. ಬಲವಂತವನ್ನೂ ಇವರು ಮಾಡಲಿಲ್ಲ. ಕರಗಿದ ಐಸಿನ ಗಾಡಿ ಏರಿ ಒಬ್ಬರೇ ಹೋದರು. ಎರಡು ವಾರ ಬಿಟ್ಟು ಒಂದು ರವಿವಾರ ಚರ್ಚಿನಲ್ಲಿ ಬಲಿಪೂಜೆ ಮುಗಿಸಿ ಬಂದ ಮಗ ತಾನೇ ಗಾಡಿಯ ಮುಂದಿನ ಸೀಟಿನಲ್ಲಿ ಹೋಗಿ ಕೂತ.

ಇಷ್ಟಾದರೂ ನನಗೆ ಇದರಲ್ಲಿ ಬೈಬಲ್ಲಿನ ಮಾತು ಕಾಣಿಸಿರಲಿಲ್ಲ. ಕಾಣಿಸಿದ್ದು ಮೇ 4ರಂದು, ಪಾಸ್ಖ ಕಾಲದ (ಈಸ್ಟರ್, ಅಂದರೆ ಯೇಸು ಸತ್ತು ಮತ್ತೆ ಎದ್ದ ಹಬ್ಬದ ಕಾಲ) ಮೂರನೇ ರವಿವಾರ. ಆ ಸಮಯ ನಿಮಗೂ ನೆನಪಿರಬಹುದು. ಏಪ್ರಿಲ್ 21ಕ್ಕೆ ಪೋಪ್ ಫ್ರಾನ್ಸಿಸ್ ತೀರಿಕೊಂಡಿದ್ದರು. ಹೊಸ ಪೋಪರನ್ನು ಆರಿಸಲು ಕಾರ್ಡಿನಲ್‌ಗಳು ಸೇರುವುದಕ್ಕೆ ಇನ್ನು ಮೂರು ದಿನ ಇತ್ತು. ಆ ದಿನದ ಶುಭಸಂದೇಶ ಯೊವಾನ್ನರ 21ನೇ ಅಧ್ಯಾಯ. ಮೊದಲ ಪೋಪ್ ಎಂದು ನಾವು ನಂಬುವ ಶಿಷ್ಯ ಪೇತ್ರನಿಗೆ “ನನ್ನ ಕುರಿಗಳನ್ನು ಮೇಯಿಸು” ಎಂದು ಯೇಸುಸ್ವಾಮಿ ಹೇಳುವ ಭಾಗ. ಪೇತ್ರನ ಜಾಗಕ್ಕೆ ಯಾರು ಬರುತ್ತಾರೆ ಎಂದು ಜಗತ್ತೇ ಕಾಯುತ್ತಿದ್ದಾಗ ಅದೇ ವಾಚನ ಬಂದದ್ದು ಎಷ್ಟು ಸರಿಯಾಗಿತ್ತು. ಆದರೆ ನನ್ನ ಮನಸ್ಸು ಅಲ್ಲಿಯವರೆಗೆ ಹೋಗಲೇ ಇಲ್ಲ. ಅದಕ್ಕೂ ಮುಂಚಿನ ಒಂದು ಸಾಲಿನಲ್ಲೇ ನಿಂತುಬಿಟ್ಟಿತು. ಶಿಷ್ಯರು ದಡಕ್ಕೆ ಬಂದಾಗ ಅಲ್ಲಿ ಕೆಂಡದ ಬೆಂಕಿ ಇತ್ತು, ಅದರ ಮೇಲೆ ಮೀನಿತ್ತು, ರೊಟ್ಟಿಯೂ ಇತ್ತು. ಯೇಸು ಅವರಿಗೆ, “ಬನ್ನಿ, ಊಟ ಮಾಡಿ” ಎಂದರು.

ನಾನು ಪಕ್ಕಕ್ಕೆ ತಿರುಗಿ ಇವರನ್ನು ನೋಡಿದೆ. ಇವರು ಎಂದಿನ ಹಾಗೆ ನೆಟ್ಟಗೆ ನಿಂತು ಕೇಳುತ್ತಿದ್ದರು.

ಮನೆಗೆ ಬಂದು ಆ ಅಧ್ಯಾಯವನ್ನು ಮತ್ತೆ ಮತ್ತೆ ಓದಿದೆ. ಯೇಸುವನ್ನು ಬಂಧಿಸಿದ ರಾತ್ರಿ “ಆ ಮನುಷ್ಯನನ್ನು ನಾನರಿಯೆ” ಎಂದು ಮೂರು ಸಲ ಹೇಳಿದವನು ಪೇತ್ರ. ಆಮೇಲೆ ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದೆ, ಬೆಳಗಾಗುವಾಗ ದಡದಲ್ಲಿ ನಿಂತ ಯೇಸುವಿನ ಮಾತು ಕೇಳಿ ಬಲಗಡೆ ಬಲೆ ಹಾಕಿ 153 ದೊಡ್ಡ ಮೀನು ಹಿಡಿದವನೂ ಅವನೇ. (ಈ ಭಾಗ ಓದಿದಾಗ ಅತ್ತೆ ಹೇಳಿದ್ದು: ಮಾವ ರಂಪಣಿ, ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ, ಎಳೆಯುತ್ತಿದ್ದಾಗ ದಡದಲ್ಲಿ ನಿಂತ ಹಿರಿಯರೇ ನೀರಿನ ಬಣ್ಣ ನೋಡಿ ದೋಣಿಯವರಿಗೆ ಕೂಗಿ ಹೇಳುತ್ತಿದ್ದರಂತೆ, ದೋಣಿಯಲ್ಲಿದ್ದವರಿಗೆ ಮೀನಿನ ಹಿಂಡು ಅಷ್ಟು ಕಾಣುತ್ತಿರಲಿಲ್ಲವಂತೆ. ಕಡಲಲ್ಲೇ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವ ಪರ್ಸೀನ್ ಬೋಟು ಬಂದ ಮೇಲೆ ರಂಪಣಿ ಕಡಿಮೆಯಾಯಿತು. ಆದರೂ ಅತ್ತೆಗೆ ಈ ಕತೆಯಲ್ಲಿ ವಿಚಿತ್ರ ಅನ್ನುವುದು ಏನೂ ಇಲ್ಲ.) ದಡ ಇನ್ನೂ ಇನ್ನೂರು ಮೊಳ ದೂರ. ಅಷ್ಟನ್ನೂ ಕಾಯಲಾರದೆ ಪೇತ್ರ ನೀರಿಗೆ ಹಾರಿದ. ಅವನು ಹತ್ತಿರ ಬಂದಾಗ ಯೇಸು, ಯಾಕೆ ಹಾಗಂದೆ ಎಂದು ಕೇಳಲಿಲ್ಲ. ಮೀನು ಸುಡುತ್ತಿದ್ದರು.

ಊಟ ಆದ ಮೇಲೆ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಊಟ ಆದ ಮೇಲೆಯೇ ಪ್ರಶ್ನೆ. ನಾನು ಈ ಅಧ್ಯಾಯವನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಎರಡು ಮಾತು ಇಷ್ಟು ವರ್ಷ ನನ್ನ ಕಿವಿಗೆ ಬಿದ್ದಿರಲಿಲ್ಲ. ನಾನು ಆ ಶುಕ್ರವಾರ ಪ್ರಶ್ನೆಯನ್ನು ಹೊಸ್ತಿಲಲ್ಲೇ ಇಟ್ಟೆ. ಊಟ ಒಳಗೇ ಉಳಿಯಿತು.

ಇದನ್ನು ನಮ್ಮ ಬೈಬಲ್ ಕ್ಲಾಸಿನಲ್ಲಿ ಹೇಳಿಕೊಂಡಾಗ ಸಿಸ್ಟರ್ ಇನ್ನೊಂದು ವಿಷಯ ತಿಳಿಸಿದರು. ಗ್ರೀಕ್ ಮೂಲದಲ್ಲಿ ಕೆಂಡದ ಬೆಂಕಿಗೆ ಇರುವ ಪದ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆಯಂತೆ. ಒಂದು ಇಲ್ಲಿ. ಇನ್ನೊಂದು 18ನೇ ಅಧ್ಯಾಯದಲ್ಲಿ, ಪ್ರಧಾನ ಯಾಜಕನ ಅಂಗಳದಲ್ಲಿ ಪೇತ್ರ ಚಳಿ ಕಾಯಿಸಿಕೊಳ್ಳುತ್ತಾ ಯೇಸುವನ್ನು ಅರಿಯೆ ಎಂದ ಜಾಗದಲ್ಲಿ. ಅಂದರೆ ದಡಕ್ಕೆ ಬಂದ ಪೇತ್ರನ ಮೂಗಿಗೆ ಮೊದಲು ಬಡಿದದ್ದು ಆ ರಾತ್ರಿಯದೇ ಹೊಗೆ. ನನಗೆ ಆಗ ನೆನಪಾದದ್ದು ನಮ್ಮ ಹಿತ್ತಲು. ಬಸ್ ಸ್ಟ್ಯಾಂಡಿನಲ್ಲಿ ಮಗ ನಾಚಿದ್ದು ಮೀನಿನ ವಾಸನೆಗೆ. ಮರುದಿನ ಬಾಗಿಲು ತೆರೆಸಿದ್ದೂ ಮೀನಿನ ವಾಸನೆ.

ಇದೆಲ್ಲ ಇವರಿಗೆ ಹೇಳಿದೆ. “ಅಷ್ಟೆಲ್ಲ ಯೋಚನೆ ಮಾಡಿರಲಿಲ್ಲ. ಹಸಿದಿದ್ದ, ಕೊಟ್ಟೆ” ಎಂದರು. ಅದು ಸುಮ್ನೆ ಹೇಳಿದ ಮಾತಲ್ಲ. ಇವರು ನಿಜವಾಗಿಯೂ ಯೋಚಿಸಿರಲಿಲ್ಲ. ನನಗೆ ದೇವರ ಕೆಲಸ ಅನ್ನಿಸುವುದು ಇಂಥದ್ದೇ. ನಾನು ಬೈಬಲ್ ಕ್ಲಾಸಿಗೆ ತಪ್ಪದೆ ಹೋಗುವವಳು, ವಾಕ್ಯ ಬಾಯಿಪಾಠ ಮಾಡಿದವಳು. ವಾಕ್ಯ ನಡೆದದ್ದು ಮಾತ್ರ ಅವರ ಕೈಯಲ್ಲಿ.

ಹಾಗಂತ ಯೇಸು ವಿಷಯವನ್ನು ಮುಚ್ಚಿಹಾಕಲಿಲ್ಲ. ಇದನ್ನು ಮರೆಯಬಾರದು. ನೀನು ನನ್ನನ್ನು ಪ್ರೀತಿಸುತ್ತೀಯಾ ಎಂದು ಮೂರು ಸಲ ಕೇಳಿದರು. ಮೂರನೇ ಸಲ ಪೇತ್ರನಿಗೆ ನೋವಾಯಿತು. ನೋವಾದರೂ ಕೇಳಿದರು. ಇವರೂ ಕೇಳಿದ್ದರಂತೆ, ಮಗ ಆಮೇಲೆ ನನಗೆ ಹೇಳಿದ. ಆ ಮೊದಲ ರವಿವಾರ ಕದ್ರಾದಿಂದ ವಾಪಸ್ ಬರುವಾಗ ಕಾಳಿ ನದಿ ಕಾಣುವ ಕಡೆ ಗಾಡಿ ನಿಲ್ಲಿಸಿ, “ನನ್ನ ಕೆಲಸಕ್ಕೆ ನಿನಗೆ ನಾಚಿಕೆಯಾ?” ಎಂದರಂತೆ. “ಕೆಲಸಕ್ಕಲ್ಲ, ವಾಸನೆಗೆ” ಎಂದನಂತೆ ಇವನು. ಇವರು ತುಂಬಾ ಹೊತ್ತು ಸುಮ್ಮನಿದ್ದು, “ನನ್ನ ಅಪ್ಪ ಬಲೆ ಎಳೆದು ಶಾಲೆ ಹತ್ತಿರ ಬಂದ್ರೆ ನಾನೂ ಕಂಪೌಂಡ್ ಹಿಂದೆ ಅಡಗ್ತಿದ್ದೆ” ಎಂದರಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಮಾತು ನನಗೇ ಗೊತ್ತಿರಲಿಲ್ಲ.

ಮಗ ಈಗ ಸೆಕೆಂಡ್ ಪಿಯುಸಿ. ಪ್ರತಿ ರವಿವಾರ ಗಾಡಿಗೆ ಹೋಗುತ್ತಾನೆ ಎಂದೇನಿಲ್ಲ. ಪರೀಕ್ಷೆ ಇದ್ದರೆ ಇಲ್ಲ, ಮನಸ್ಸಿಲ್ಲದಿದ್ದರೂ ಇಲ್ಲ.

ನನಗೆ ಈ ಊಟದ ಪಾಠ ಇನ್ನೂ ಪೂರ್ತಿ ಬಂದಿಲ್ಲ. ಬಾಯಿ ಮುಂದೆ ಓಡುತ್ತದೆ. ಕಳೆದ ವಾರ ಮಗಳು ಶಾಲೆಯಿಂದ ಬಂದವಳು ಬ್ಯಾಗನ್ನು ಬಾಗಿಲ ಹತ್ತಿರವೇ ಬಿಟ್ಟು ಒಳಗೆ ಬಂದಳು. ಎಂದೂ ಹಾಗೆ ಬಿಡುವವಳಲ್ಲ. ಟೆಸ್ಟಿನ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದಾರೆ ಎಂದು ಅವಳ ಗೆಳತಿಯ ಅಮ್ಮ ಆಗಲೇ ಫೋನ್ ಮಾಡಿದ್ದರು. ಪ್ರಶ್ನೆ ನನ್ನ ನಾಲಿಗೆ ತುದಿಗೆ ಬಂದಿತ್ತು. ಅಡುಗೆಮನೆಗೆ ಹೋದೆ. ಅನ್ನ ಹಾಕಿದೆ, ಮಧ್ಯಾಹ್ನದ ತಾರ್ಲೆ ಮೀನಿನ ಸಾರು ಬಿಸಿ ಮಾಡಿ ಬಡಿಸಿ ಎದುರಿಗೆ ಕೂತೆ. ಅವಳು ನನ್ನ ಮುಖ ನೋಡಿದಳು, ತಟ್ಟೆ ನೋಡಿದಳು, ಉಣ್ಣಲು ಶುರು ಮಾಡಿದಳು. ಎರಡನೇ ಸಲ ಸಾರು ಹಾಕಿಸಿಕೊಂಡಳು. ಬ್ಯಾಗು ಅಲ್ಲೇ ಇತ್ತು. ಅದರೊಳಗೆ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಕೈ ತೊಳೆದು ಬಂದವಳು ತಾನೇ ಹೋಗಿ ಅದನ್ನು ಎತ್ತಿಕೊಂಡು ಬಂದಳು.