ಮಳೆಗಾಲಕ್ಕೆ ಆಗಿಬರುವ ಶೆಲ್ ಟೂಲ್‌ಗಳು

ಕಂಟೇನರ್ (ಪ್ರೋಗ್ರಾಮನ್ನು ಉಳಿದವುಗಳಿಂದ ಬೇರೆ ಇಟ್ಟು ಓಡಿಸುವ ಕ್ರಮ) ಮತ್ತು ಕುಬರ್ನೆಟೀಸ್ (ಅಂಥ ಕಂಟೇನರ್‌ಗಳನ್ನು ಕ್ಲಸ್ಟರ್ ಮೇಲೆ, ಅಂದರೆ ಮಷೀನ್‌ಗಳ ಗುಂಪಿನ ಮೇಲೆ, ನಡೆಸುವ ವ್ಯವಸ್ಥೆ) ಕೆಲಸಕ್ಕೆ ಯಾವ ಟೂಲ್ ಹಾಕಿಕೊಳ್ಳಬೇಕು ಅಂತ ಮಣಿಪಾಲದಲ್ಲಿ ಓದುತ್ತಿರುವ ಹುಡುಗರು ಆಗಾಗ ಕೇಳುತ್ತಾರೆ. ಓಪನ್ ಸೋರ್ಸ್‌ನಲ್ಲಿ ಇಂಥದ್ದಕ್ಕೆ ಬರ ಇಲ್ಲ, ಹುಡುಕಿದರೆ ರಾಶಿ ಬೀಳುತ್ತದೆ. ನನ್ನ ಅಳತೆ ಒಂದೇ. ಟೂಲಿನ ಕೋಡ್ ತೆರೆದರೆ ಅದು ಏನು ಮಾಡುತ್ತದೆ ಅಂತ ಒಂದು ಚಾ ಮುಗಿಯುವುದರೊಳಗೆ ಗೊತ್ತಾಗಬೇಕು. ಅಷ್ಟು ಸಣ್ಣದಲ್ಲದಿದ್ದರೆ, ಅದು ಇಲ್ಲದಾಗ ಅದೇ ಕೆಲಸವನ್ನು ಬರೀ ಕ್ಯೂಬ್‌ಸಿಟಿಎಲ್‌ನಲ್ಲಿ (ಕುಬರ್ನೆಟೀಸ್‌ನ ಸ್ವಂತ ಕಮಾಂಡ್) ಹೇಗೆ ಮಾಡುವುದು ಅಂತಾದರೂ ನನಗೆ ಗೊತ್ತಿರಬೇಕು. ಎರಡೂ ಇಲ್ಲ ಅಂದರೆ ಅದು ನನ್ನ ಮಷೀನಿಗೆ ಬೇಡ.

ಬ್ರೌಸರಿನಲ್ಲಿ ಚಂದದ ಡ್ಯಾಶ್‌ಬೋರ್ಡ್ ಇರುವಾಗ ಟರ್ಮಿನಲ್ ಯಾಕೆ ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಜೂನ್‌ನಲ್ಲಿ ಒಮ್ಮೆ ಮಂಗಳೂರಿಗೆ ಬನ್ನಿ ಮಾರಾಯ್ರೇ. ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟು ಹೋಗುತ್ತದೆ, ಇನ್ವರ್ಟರ್ ಕುಂಯ್ ಅನ್ನುತ್ತದೆ, ರಸ್ತೆ ಅಗೆದಲ್ಲಿ ಫೈಬರ್ ತುಂಡಾಗಿರುತ್ತದೆ, ಕೊನೆಗೆ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಕಿಟಕಿ ಪಕ್ಕ ಸಿಗ್ನಲ್ ಹುಡುಕಿ ಕೂರುವುದು. ಆಗ ಡ್ಯಾಶ್‌ಬೋರ್ಡ್ ಸುಮ್ನೆ ಗಿರಗಿರ ತಿರುಗುತ್ತಾ ಇರುತ್ತದೆ. ಬರೀ ಅಕ್ಷರ ಮಾತ್ರ ಹೇಗೋ ದಾಟಿ ಬರುತ್ತದೆ. ಸರ್ವರ್ ಕಡೆ ಟಿಮಕ್ಸ್ ಓಡಿಸಿಟ್ಟರೆ ಲೈನ್ ಹೋದರೂ ಕೆಲಸ ಎಲ್ಲಿಗೆ ನಿಂತಿತ್ತೋ ಅಲ್ಲೇ ಇರುತ್ತದೆ. ಅದರ ಜೊತೆ ದೂರದ ಸರ್ವರ್‌ಗೆ ಸೇರಿಸುವ ಮೋಶ್ ಇದ್ದರೆ ಇನ್ನೂ ಒಳ್ಳೆಯದು. ಅದು ಯುಡಿಪಿ (ಕಾಯಂ ಸಂಪರ್ಕ ಹಿಡಿದುಕೊಳ್ಳದೆ ಡೇಟಾ ಕಳಿಸುವ ಕ್ರಮ) ಮೇಲೆ ನಡೆಯುವುದರಿಂದ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಹಾರಿದರೂ, ಐಪಿ ಬದಲಾದರೂ ಸೆಷನ್ ಸಾಯುವುದಿಲ್ಲ. ಸರ್ವರ್‌ನಲ್ಲಿ 60000ದಿಂದ 61000ದವರೆಗಿನ ಯುಡಿಪಿ ಪೋರ್ಟ್‌ಗಳಲ್ಲಿ ಒಂದಷ್ಟಾದರೂ ತೆರೆದಿರಬೇಕು, ಅಷ್ಟೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಲಿನಕ್ಸ್ ಕರ್ನೆಲ್‌ನೊಳಗೆ ಕಂಟೇನರ್ ಅಂತ ಒಂದು ವಸ್ತುವೇ ಇಲ್ಲ. ಇರುವುದು ಪ್ರೊಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ. ಅದರ ಕಣ್ಣಿಗೆ ಏನೇನು ಕಾಣಬೇಕು ಅಂತ ನೇಮ್‌ಸ್ಪೇಸ್ ನೋಡಿಕೊಳ್ಳುತ್ತದೆ, ಎಷ್ಟು ಮೆಮೊರಿ, ಎಷ್ಟು ಸಿಪಿಯು ತಿನ್ನಬಹುದು ಅಂತ ಸಿಗ್ರೂಪ್ ನೋಡಿಕೊಳ್ಳುತ್ತದೆ. ಸಿಗ್ರೂಪ್ ಕೆಲಸ ಗೂಗಲ್‌ನಲ್ಲಿ 2006ರಲ್ಲಿ ಶುರುವಾಗಿ, 2008ರ ಜನವರಿಯಲ್ಲಿ ಬಂದ 2.6.24 ಕರ್ನೆಲ್‌ಗೆ ಸೇರಿತು. ಕಂಟೇನರ್ ಓಡಿಸುವ ಡಾಕರ್ ಹೊರಬಂದದ್ದು 2013ರಲ್ಲಿ, ಕುಬರ್ನೆಟೀಸ್ ಅದರ ಮುಂದಿನ ವರ್ಷ. ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಡಾಕರ್ ಮೂಲಕ ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಓಡಿಸಿ, ಹೊರಗಿನ ಮಾಮೂಲಿ ಶೆಲ್‌ನಲ್ಲೇ ಪ್ರೊಸೆಸ್ ಪಟ್ಟಿ ಕೊಡುವ ಪಿಎಸ್ ಹೊಡೆದು ನೋಡಿ. ಉಳಿದ ಪ್ರೊಸೆಸ್‌ಗಳ ಸಾಲಿನಲ್ಲೇ ಅದೂ ಕೂತಿರುತ್ತದೆ. ರೂಟ್ ಆಗಿ ಎಲ್‌ಎಸ್‌ಎನ್‌ಎಸ್ ಹೊಡೆದರೆ ಅದಕ್ಕೆ ಕೊಟ್ಟಿರುವ ಬೇರೆ ನೇಮ್‌ಸ್ಪೇಸ್‌ಗಳೂ ಕಾಣುತ್ತವೆ. ಇದು ಇನ್ನೂ ನಂಬಿಕೆ ಬರದವರು ಬಾಕರ್ ಅನ್ನುವ 2015ರ ಪ್ರಾಜೆಕ್ಟ್ ಓದಬೇಕು. ಡಾಕರ್‌ನ ಮುಖ್ಯ ಕೆಲಸಗಳನ್ನು ಸುಮಾರು ನೂರು ಸಾಲಿನ ಬ್ಯಾಶ್‌ನಲ್ಲಿ ಮಾಡಿ ತೋರಿಸಿದ್ದಾರೆ. ದಿನನಿತ್ಯದ ಬಳಕೆಗೆ ಅಲ್ಲ ಅದು. ಆದರೆ ಒಮ್ಮೆ ಓದಿದರೆ ಕಂಟೇನರ್ ಬಗ್ಗೆ ಇದ್ದ ಭಯ ಹೋಗುತ್ತದೆ.

ಈಗ ಕ್ಲಸ್ಟರ್ ಬದಲಾಯಿಸುವ ವಿಷಯ. ನನಗೆ ಅತಿ ಹೆಚ್ಚು ಹೆದರಿಕೆ ಇರುವುದು ಇಲ್ಲಿಯೇ. ಕ್ಯೂಬ್‌ಸಿಟಿಎಕ್ಸ್ ಮತ್ತು ಕ್ಯೂಬೆನ್ಸ್ ಎಲ್ಲರಿಗೂ ಗೊತ್ತಿರುವ ಜೋಡಿ. ಮೊದಲನೆಯದು ಕ್ಲಸ್ಟರ್ ಬದಲಾಯಿಸುತ್ತದೆ, ಎರಡನೆಯದು ನೇಮ್‌ಸ್ಪೇಸ್ (ಮೇಲೆ ಹೇಳಿದ ಕರ್ನೆಲ್‌ನದ್ದಲ್ಲ, ಕ್ಲಸ್ಟರ್ ಒಳಗಿನ ವಿಭಾಗ). ಶುರುವಿನಲ್ಲಿ ಇವು ಬರೀ ಬ್ಯಾಶ್ ಸ್ಕ್ರಿಪ್ಟ್‌ಗಳು, ಆಮೇಲೆ ಗೋ ಭಾಷೆಯಲ್ಲಿ ಮತ್ತೆ ಬರೆದರು. ಸಿಡಿ ಕಮಾಂಡ್ ಮುಂದೆ ಒಂದು ಅಡ್ಡಗೆರೆ ಹಾಕಿದರೆ ಹಿಂದಿನ ಫೋಲ್ಡರ್‌ಗೆ ಹೋಗುವ ಹಾಗೆ ಇಲ್ಲೂ ಅಡ್ಡಗೆರೆ ಹಾಕಿದರೆ ಹಿಂದಿನ ಕ್ಲಸ್ಟರ್‌ಗೆ ಹೋಗಬಹುದು. ಜೊತೆಗೆ ಎಫ್‌ಝಡ್‌ಎಫ್ ಇದ್ದರೆ ಎರಡು ಅಕ್ಷರ ಒತ್ತಿ ಪಟ್ಟಿಯಿಂದ ಆರಿಸಬಹುದು. ಎಲ್ಲ ಚೆನ್ನಾಗಿದೆ. ಆದರೆ ಒಳಗೆ ಅದು ಮಾಡುವುದು ಏನು? ನಿಮ್ಮ ಹೋಮ್ ಫೋಲ್ಡರ್‌ನಲ್ಲಿರುವ ಕ್ಯೂಬ್‌ಕಾನ್ಫಿಗ್ ಫೈಲ್‌ನಲ್ಲಿ ಈಗಿನ ಕಾಂಟೆಕ್ಸ್ಟ್ (ಯಾವ ಕ್ಲಸ್ಟರ್ ಜೊತೆ ಮಾತು ಅನ್ನುವುದು) ಯಾವುದು ಅನ್ನುವ ಒಂದು ಸಾಲನ್ನು ತಿದ್ದುತ್ತದೆ. ಆ ಫೈಲ್ ಎಲ್ಲ ಟರ್ಮಿನಲ್‌ಗಳಿಗೂ ಒಂದೇ. ಇಡೀ ಮನೆಗೆ ಒಂದೇ ಟಿವಿ ಇದ್ದ ಹಾಗೆ, ಒಬ್ಬರು ಚಾನೆಲ್ ಬದಲಾಯಿಸಿದರೆ ಎಲ್ಲರಿಗೂ ಬದಲಾಯಿತು. ಎಡಗಡೆ ಟರ್ಮಿನಲ್‌ನಲ್ಲಿ ಪ್ರೊಡಕ್ಷನ್ (ಗ್ರಾಹಕರು ನಿಜವಾಗಿ ಬಳಸುವ ಕ್ಲಸ್ಟರ್) ಲಾಗ್ ನೋಡಬೇಕು ಅಂತ ಕ್ಲಸ್ಟರ್ ಬದಲಾಯಿಸಿದರೆ, ಅರ್ಧ ಗಂಟೆ ಹಿಂದೆ ಟೆಸ್ಟ್ ಕ್ಲಸ್ಟರ್‌ಗೆ ಅಂತ ತೆರೆದಿಟ್ಟ ಬಲಗಡೆಯ ಟರ್ಮಿನಲ್ ಕೂಡ ಈಗ ಪ್ರೊಡಕ್ಷನ್‌ಗೇ ಮಾತಾಡುತ್ತಿರುತ್ತದೆ, ಅಲ್ಲಿ ನೀವು ಆರಾಮಾಗಿ ಡಿಲೀಟ್ ಅಂತ ಟೈಪ್ ಮಾಡುತ್ತಿರುತ್ತೀರಿ.

ಇದಕ್ಕೆ ಎರಡು ಉಪಾಯ ಇದೆ. ಸುಲಭದ್ದು ಅಂದರೆ ಪ್ರತಿ ಕ್ಲಸ್ಟರ್‌ಗೂ ಬೇರೆ ಬೇರೆ ಕಾನ್ಫಿಗ್ ಫೈಲ್ ಇಟ್ಟು, ಕ್ಯೂಬ್‌ಕಾನ್ಫಿಗ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯೇಬಲ್ ಅನ್ನು ಆಯಾ ಟರ್ಮಿನಲ್‌ನಲ್ಲಿ ಮಾತ್ರ ಎಕ್ಸ್‌ಪೋರ್ಟ್ ಮಾಡುವುದು. ಇನ್ನೊಂದು ಕ್ಯೂಬೀ ಅನ್ನುವ ಟೂಲ್, ರಸ್ಟ್‌ನಲ್ಲಿ ಬರೆದದ್ದು. ಅದು ಪ್ರತಿ ಸಲ ಹೊಸ ಶೆಲ್ ತೆರೆದು ಅದಕ್ಕೇ ಅಂತ ಬೇರೆ ಕಾನ್ಫಿಗ್ ಕೊಡುತ್ತದೆ. ನಾನು ಮೊದಲನೆಯದನ್ನೇ ಬಳಸುತ್ತೇನೆ, ಯಾಕೆಂದರೆ ಅದಕ್ಕೆ ಟೂಲೇ ಬೇಡ. ಮೇಲಿಂದ ಕ್ಯೂಬ್-ಪಿಎಸ್1 ಹಾಕಿದ್ದೇನೆ. ಪ್ರಾಂಪ್ಟ್‌ನಲ್ಲೇ ಕ್ಲಸ್ಟರ್ ಮತ್ತು ನೇಮ್‌ಸ್ಪೇಸ್ ಹೆಸರು ತೋರಿಸುವ ಶೆಲ್ ಸ್ಕ್ರಿಪ್ಟ್ ಅದು, ಕೂತು ಓದುವಷ್ಟು ಸಣ್ಣದು. ಪ್ರೊಡಕ್ಷನ್ ಆದರೆ ಹೆಸರು ಕೆಂಪು ಬಣ್ಣದಲ್ಲಿ ಬರುವ ಹಾಗೆ ಮಾಡಿಕೊಂಡಿದ್ದೇನೆ.

ಲಾಗ್ ನೋಡುವುದಕ್ಕೆ ಸ್ಟರ್ನ್. ಕ್ಯೂಬ್‌ಸಿಟಿಎಲ್ ಲಾಗ್ಸ್‌ಗೇ ಲೇಬಲ್ ಕೊಟ್ಟು ಹಲವು ಪಾಡ್‌ಗಳ (ಒಂದೋ ಹಲವೋ ಕಂಟೇನರ್ ಒಟ್ಟಿಗೆ ಇರುವ ಕುಬರ್ನೆಟೀಸ್ ಘಟಕ) ಲಾಗ್ ಒಟ್ಟಿಗೆ ನೋಡಬಹುದಲ್ಲ ಅನ್ನಬಹುದು. ನೋಡಬಹುದು. ಆದರೆ ಲೇಬಲ್ ಕೊಟ್ಟ ಕೂಡಲೇ ಅದು ಒಂದೊಂದು ಕಂಟೇನರ್‌ನಿಂದ ಕೊನೆಯ 10 ಸಾಲು ಮಾತ್ರ ಕೊಡುತ್ತದೆ, ಪಾಡ್ ಹೆಸರು ಕೊಟ್ಟರೆ ಪೂರ್ತಿ ಕೊಡುತ್ತದೆ. ಇದು ಗೊತ್ತಿಲ್ಲದೆ "ಲಾಗೇ ಇಲ್ಲ ಮಾರಾಯ, ಎಂತ ಇದು" ಅಂತ ತಲೆ ಕೆರೆದುಕೊಂಡವರು ಎಷ್ಟೋ ಜನ. ಫಾಲೋ ಮಾಡುವಾಗ ಒಟ್ಟಿಗೆ 5 ಸ್ಟ್ರೀಮ್‌ಗಿಂತ ಜಾಸ್ತಿ ಬೇಕಾದರೆ ಅದಕ್ಕೂ ಬೇರೆ ಫ್ಲ್ಯಾಗ್ ಕೊಡಬೇಕು. ಹೊಸ ಪಾಡ್ ಹುಟ್ಟಿದರೆ ಅದನ್ನು ತಾನಾಗಿ ಸೇರಿಸಿಕೊಳ್ಳುವುದೂ ಇಲ್ಲ. ಸ್ಟರ್ನ್ ಇದೆಲ್ಲ ನೋಡಿಕೊಳ್ಳುತ್ತದೆ, ಒಂದೊಂದು ಪಾಡ್‌ಗೆ ಒಂದೊಂದು ಬಣ್ಣ ಕೂಡ ಕೊಡುತ್ತದೆ. ಅಂದ ಹಾಗೆ, ಸ್ಟರ್ನ್ ಮೊದಲು ಬರೆದವರ ಕಡೆಯಿಂದ ಕೆಲಸ ನಿಂತುಹೋಗಿತ್ತು. ಬಳಸುತ್ತಿದ್ದವರೇ ಫೋರ್ಕ್ ಮಾಡಿ (ಕೋಡ್‌ನ ಪ್ರತಿ ತೆಗೆದು) ಮುಂದುವರಿಸಿದರು, ಈಗ ಎಲ್ಲರೂ ಹಾಕಿಕೊಳ್ಳುವುದು ಆ ಫೋರ್ಕನ್ನು. ಜೇಸನ್ ಡೇಟಾದಿಂದ ಬೇಕಾದ್ದನ್ನು ಆರಿಸುವ ಜೇಕ್ಯೂ ಕಥೆಯೂ ಹೆಚ್ಚು ಕಡಿಮೆ ಹಾಗೆಯೇ. 1.6 ಆವೃತ್ತಿ 2018ರಲ್ಲಿ ಬಂದಿತ್ತು, ಹೊಸ ನಿರ್ವಾಹಕರು ಸೇರಿ 1.7 ಬಿಡುವಾಗ 2023. ಜೇಕ್ಯೂ ಬಗ್ಗೆ ಒಂದೇ ಮಾತು: ಕ್ಯೂಬ್‌ಸಿಟಿಎಲ್ ಕೊಡುವ ಟೇಬಲನ್ನು ಗ್ರೆಪ್, ಆಕ್ ಹಾಕಿ ಕತ್ತರಿಸಬೇಡಿ. ಇವತ್ತು ಮೂರನೇ ಕಾಲಮ್‌ನಲ್ಲಿ ಇದ್ದದ್ದು ನಾಳೆ ಅಲ್ಲೇ ಇರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಜೇಸನ್‌ನಲ್ಲಿ ತೆಗೆದು ಜೇಕ್ಯೂಗೆ ಕೊಡಿ.

ಕೆ9ಎಸ್ ಬಗ್ಗೆ ನನಗೆ ಪ್ರೀತಿಯೂ ಇದೆ, ಸಿಟ್ಟೂ ಇದೆ. ಟರ್ಮಿನಲ್‌ನೊಳಗೆ ಇಡೀ ಕ್ಲಸ್ಟರನ್ನು ತಂದಿಡುತ್ತದೆ, ಹಾಟ್‌ಸ್ಪಾಟ್ ಮೇಲೂ ಓಡುತ್ತದೆ. ಆದರೆ ಬ್ಯಾಶ್‌ನಲ್ಲಿ ಕಂಟ್ರೋಲ್-ಕೆ ಒತ್ತಿದರೆ ಕರ್ಸರ್‌ನಿಂದ ಸಾಲಿನ ಕೊನೆಯವರೆಗೆ ಅಳಿಸುತ್ತದೆ ಅಲ್ವಾ? ಕೆ9ಎಸ್‌ನಲ್ಲಿ ಅದೇ ಕೀ ಒತ್ತಿದರೆ ಆಯ್ಕೆಯಾಗಿರುವ ಪಾಡ್ ಸತ್ತೇ ಹೋಗುತ್ತದೆ, ಬೇಕಾ ಬೇಡವಾ ಅಂತ ಕೇಳುವುದೂ ಇಲ್ಲ. ಕೇಳಿ ಅಳಿಸುವುದು ಕಂಟ್ರೋಲ್-ಡಿ. ಯಾರು ಇದನ್ನು ತೀರ್ಮಾನ ಮಾಡಿದರೋ! ದಿನವಿಡೀ ಶೆಲ್‌ನಲ್ಲಿ ಕೂರುವವನ ಬೆರಳಿಗೆ ಇದು ಗೊತ್ತಿರುವುದಿಲ್ಲ. ರೀಡ್‌ಓನ್ಲಿ ಅನ್ನುವ ಫ್ಲ್ಯಾಗ್ ಹಾಕಿಯೇ ತೆರೆಯಿರಿ, ಅದನ್ನೇ ಅಲಿಯಾಸ್ (ಕಮಾಂಡಿನ ಅಡ್ಡಹೆಸರು) ಮಾಡಿಬಿಡಿ.

ಸ್ವಂತ ಟೂಲ್ ಬರೆಯುವುದು ಇದೆಲ್ಲದಕ್ಕಿಂತ ಸುಲಭ, ಆದರೂ ಜನ ಯಾಕೋ ಹೆದರುತ್ತಾರೆ. ಕ್ಯೂಬ್‌ಸಿಟಿಎಲ್ ಪ್ಲಗಿನ್ ಅಂದರೆ ಒಂದು ಫೈಲ್, ಅಷ್ಟೇ. ಹೆಸರು ಕ್ಯೂಬ್‌ಸಿಟಿಎಲ್ ಮತ್ತು ಅಡ್ಡಗೆರೆಯಿಂದ ಶುರುವಾಗಬೇಕು, ಓಡಿಸಲು ಅನುಮತಿ ಇರಬೇಕು, ಪಾತ್‌ನಲ್ಲಿ (ಶೆಲ್ ಕಮಾಂಡ್ ಹುಡುಕುವ ಫೋಲ್ಡರ್‌ಗಳಲ್ಲಿ) ಎಲ್ಲಾದರೂ ಬಿದ್ದಿರಬೇಕು. ಯಾವ ಭಾಷೆಯಾದರೂ ಆದೀತು. ನನ್ನ ಹತ್ತಿರ "ಯಾಕೆ" ಅಂತ ಒಂದು ಪ್ಲಗಿನ್ ಉಂಟು. ಕ್ಯೂಬ್‌ಸಿಟಿಎಲ್ ಯಾಕೆ ಅಂತ ಬರೆದು ಪಾಡ್ ಹೆಸರು ಕೊಟ್ಟರೆ ಅದು ಮೂರು ಕೆಲಸ ಮಾಡುತ್ತದೆ. ಆ ಪಾಡ್‌ನ ಇವೆಂಟ್‌ಗಳನ್ನು ತೋರಿಸುತ್ತದೆ, ಕಂಟೇನರ್ ಹಿಂದಿನ ಸಲ ಯಾವ ಕಾರಣಕ್ಕೆ, ಯಾವ ಎಕ್ಸಿಟ್ ಕೋಡ್‌ನಲ್ಲಿ ಸತ್ತಿತ್ತು ಅಂತ ಹೇಳುತ್ತದೆ, ಪ್ರೀವಿಯಸ್ ಫ್ಲ್ಯಾಗ್ ಹಾಕಿ ಸತ್ತ ಕಂಟೇನರ್‌ನ ಕೊನೆಯ ಲಾಗ್ ತೆಗೆಯುತ್ತದೆ. ಮೂರೂ ಮಾಮೂಲಿ ಕಮಾಂಡ್‌ಗಳೇ. ಕ್ರ್ಯಾಶ್‌ಲೂಪ್‌ಬ್ಯಾಕಾಫ್ (ಕಂಟೇನರ್ ಮತ್ತೆ ಮತ್ತೆ ಸಾಯುತ್ತಿದೆ ಅನ್ನುವ ಸ್ಥಿತಿ) ನೋಡಿದ ಕೂಡಲೇ ಇದನ್ನು ಓಡಿಸಬೇಕು, ಯಾಕೆಂದರೆ ಇವೆಂಟ್‌ಗಳು ಮಾಮೂಲಿ ಸೆಟ್ಟಿಂಗ್‌ನಲ್ಲಿ ಒಂದು ಗಂಟೆ ಮಾತ್ರ ಉಳಿಯುತ್ತವೆ. ರಾತ್ರಿ ಆದದ್ದರ ಇವೆಂಟ್ ಬೆಳಿಗ್ಗೆ ಬಂದು ಹುಡುಕಿದರೆ ಸಿಗುವುದಿಲ್ಲ. ಒಂದು ಎಚ್ಚರ: ನೇಮ್‌ಸ್ಪೇಸ್ ಫ್ಲ್ಯಾಗನ್ನು ಪ್ಲಗಿನ್ ಹೆಸರಿಗಿಂತ ಮೊದಲು ಬರೆಯಲು ಬಿಡುವುದಿಲ್ಲ, ಆಮೇಲೆಯೇ ಬರೆಯಬೇಕು, ಅದನ್ನು ಓದಿಕೊಳ್ಳುವುದೂ ನಿಮ್ಮ ಸ್ಕ್ರಿಪ್ಟ್‌ನದ್ದೇ ಕೆಲಸ. ಬೇರೆಯವರ ಪ್ಲಗಿನ್ ಬೇಕಾದರೆ ಕ್ರ್ಯೂ ಇದೆ. ಹಾಕಿಕೊಳ್ಳುವಾಗ ಅದೇ ಎಚ್ಚರಿಸುತ್ತದೆ, ಈ ಪ್ಲಗಿನ್‌ಗಳನ್ನು ನಾವು ಭದ್ರತೆಗಾಗಿ ಪರೀಕ್ಷಿಸಿಲ್ಲ ಅಂತ. ಆ ಸಾಲನ್ನು ಯಾರೂ ಓದುವುದಿಲ್ಲ. ಓದಿ. ಪ್ಲಗಿನ್ ಓಡುವುದು ನಿಮ್ಮ ಕ್ಲಸ್ಟರ್ ಪರ್ಮಿಶನ್ ಹಿಡಿದುಕೊಂಡು.

ಶೆಲ್ ಇರುವುದು ಹೊರಗೆ ಮಾತ್ರ ಅಲ್ಲ, ಕಂಟೇನರ್ ಒಳಗೂ ಇರುತ್ತದೆ. ಅಲ್ಲಿಯೇ ಜಾಸ್ತಿ ತೊಂದರೆ. ಒಬ್ಬ ಗ್ರಾಹಕರ ಬಿಲ್ಲಿಂಗ್ ಸಿಸ್ಟಮ್‌ನಲ್ಲಿ ಹೊಸ ವರ್ಷನ್ ಹಾಕಿದಾಗಲೆಲ್ಲ ಕೆಲವು ಬಿಲ್‌ಗಳು ಅರ್ಧಕ್ಕೇ ನಿಂತುಹೋಗುತ್ತಿದ್ದವು. ಅವರ ಹುಡುಗ ಫೋನ್ ಮಾಡಿ "ಪಾಡ್ ಸಾಯುವುದೇ ಇಲ್ಲ ಸರ್, ಟರ್ಮಿನೇಟಿಂಗ್ ಅಂತಲೇ ಉಂಟು" ಅಂದ. ಎಷ್ಟು ಹೊತ್ತು ಅಂತ ಕೇಳಿದೆ. ಅರ್ಧ ನಿಮಿಷ. ಪ್ರತಿ ಸಲವೂ ಅಷ್ಟೇ. ಆ ಅರ್ಧ ನಿಮಿಷ ಕೇಳಿದರೆ ಮುಕ್ಕಾಲು ಉತ್ತರ ಸಿಕ್ಕಿದ ಹಾಗೆ. ಪಾಡ್ ನಿಲ್ಲಿಸುವಾಗ ಕುಬರ್ನೆಟೀಸ್ ಮೊದಲು ಸಿಗ್‌ಟರ್ಮ್ (ನಿಲ್ಲು ಅನ್ನುವ ಸಿಗ್ನಲ್) ಕಳಿಸಿ, 30 ಸೆಕೆಂಡ್ ಕಾದು, ಆಮೇಲೆ ಸಿಗ್‌ಕಿಲ್ (ತಕ್ಷಣ ಸಾಯಿಸುವ ಸಿಗ್ನಲ್) ಹೊಡೆಯುತ್ತದೆ. ಪೂರ್ತಿ 30 ಸೆಕೆಂಡ್ ಹಿಡಿಯಿತು ಅಂದರೆ ಹೆಚ್ಚಾಗಿ ಸಿಗ್‌ಟರ್ಮ್ ಒಳಗೆ ಯಾರಿಗೂ ಮುಟ್ಟಲಿಲ್ಲ ಅಂತ ಲೆಕ್ಕ. ಕಂಟೇನರ್ ಒಳಗೆ ಪಿಎಸ್ ಹೊಡೆಸಿದೆ. ಒಂದನೇ ನಂಬರಿನ ಪ್ರೊಸೆಸ್ ಶೆಲ್ ಆಗಿತ್ತು, ನಿಜವಾದ ಪ್ರೋಗ್ರಾಂ ಅದರ ಮಗುವಾಗಿ ಕೆಳಗೆ ಎಲ್ಲೋ ಇತ್ತು. ಒಂದನೇ ನಂಬರಿನ ಪ್ರೊಸೆಸ್‌ಗೆ ಕರ್ನೆಲ್ ವಿಶೇಷ ಮರ್ಯಾದೆ ಕೊಡುತ್ತದೆ. ಅದು ತಾನಾಗಿ ಸಿಗ್‌ಟರ್ಮ್‌ಗೆ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡುವ ಕೋಡ್) ಬರೆದುಕೊಂಡಿರದಿದ್ದರೆ ಆ ಸಿಗ್ನಲ್‌ನಿಂದ ಅದಕ್ಕೆ ಏನೂ ಆಗುವುದಿಲ್ಲ. ಶೆಲ್ ಹ್ಯಾಂಡ್ಲರ್ ಬರೆದುಕೊಂಡಿಲ್ಲ, ಮಗುವಿಗೆ ದಾಟಿಸುವುದೂ ಇಲ್ಲ, ಸುಮ್ನೆ ಕೂರುತ್ತದೆ. 30 ಸೆಕೆಂಡ್ ಆದ ಮೇಲೆ ಎಲ್ಲರೂ ಒಟ್ಟಿಗೆ ಸಾಯುತ್ತಾರೆ, ಬಿಲ್ ಅರ್ಧದಲ್ಲಿ ಇರುತ್ತದೆ.

ರಿಪೇರಿ ಒಂದೇ ಪದ. ಸ್ಟಾರ್ಟ್ ಸ್ಕ್ರಿಪ್ಟ್‌ನ ಕೊನೆಯ ಸಾಲಿನಲ್ಲಿ ಪ್ರೋಗ್ರಾಂ ಹೆಸರಿನ ಮುಂದೆ ಎಕ್ಸೆಕ್ ಅಂತ ಸೇರಿಸುವುದು. ಆಗ ಶೆಲ್ ತಾನು ಜಾಗ ಬಿಟ್ಟು ಅದೇ ನಂಬರಿನಲ್ಲಿ ಪ್ರೋಗ್ರಾಮನ್ನು ಕೂರಿಸುತ್ತದೆ. ಅವರ ಪ್ರೋಗ್ರಾಂ ಸಿಗ್‌ಟರ್ಮ್ ಬಂದರೆ ಕೈಯಲ್ಲಿದ್ದ ಕೆಲಸ ಮುಗಿಸಿ ನಿಲ್ಲುವ ಹಾಗೆ ಮೊದಲೇ ಬರೆದಿದ್ದರು, ಪಾಪ, ಅದಕ್ಕೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಇದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಪರೀಕ್ಷೆ ಮಾಡಬಹುದು. ಡಾಕರ್ ಸ್ಟಾಪ್ ಹೊಡೆಯಿರಿ. 10 ಸೆಕೆಂಡ್ ಹಿಡಿದು ಎಕ್ಸಿಟ್ ಕೋಡ್ 137 ಬಂದರೆ ನಿಮ್ಮಲ್ಲೂ ಬಹುಶಃ ಇದೇ ಕಾಯಿಲೆ. 128ಕ್ಕೆ ಸಿಗ್‌ಕಿಲ್‌ನ ನಂಬರ್ 9 ಕೂಡಿಸಿದರೆ 137. ಮೆಮೊರಿ ಮಿತಿ ಮೀರಿ ಸತ್ತರೂ ಅದೇ ನಂಬರ್ ಬರುತ್ತದೆ, ಆದರೆ ಆಗ ಡಿಸ್ಕ್ರೈಬ್‌ನಲ್ಲಿ ಕಾರಣ ಓಓಎಂ ಕಿಲ್ಡ್ ಅಂತ ಇರುತ್ತದೆ. ನಂಬರ್ ನೋಡಿ ಮೆಮೊರಿ ಜಾಸ್ತಿ ಮಾಡುವ ಮೊದಲು ಕಾರಣ ಓದಿ.

ನೋಡ್ (ಕ್ಲಸ್ಟರ್‌ನ ಒಂದು ಮಷೀನ್) ಒಳಗೆ ಹೋಗಿ ಡಾಕರ್ ಪಿಎಸ್ ಹೊಡೆದರೆ ಏನೂ ಕಾಣುವುದಿಲ್ಲ ಅಂತ ಇನ್ನೂ ಕೇಳುವವರಿದ್ದಾರೆ. 2022ರಲ್ಲಿ ಬಂದ ಕುಬರ್ನೆಟೀಸ್ 1.24ರಲ್ಲಿ ಅದನ್ನು ಡಾಕರ್‌ಗೆ ಜೋಡಿಸುತ್ತಿದ್ದ ಡಾಕರ್‌ಶಿಮ್ ಅನ್ನುವ ಭಾಗವನ್ನು ತೆಗೆದುಹಾಕಿದ್ದಾರೆ. ಈಗ ಅಲ್ಲಿ ಕಂಟೇನರ್ ಓಡಿಸಲು ಜಾಸ್ತಿ ಇರುವುದು ಕಂಟೇನರ್‌ಡಿ, ಅದಕ್ಕೆ ಸಿಆರ್‌ಐಸಿಟಿಎಲ್ ಬಳಸಿ, ಕಮಾಂಡ್‌ಗಳು ಹೆಚ್ಚು ಕಡಿಮೆ ಡಾಕರ್‌ನ ಹಾಗೆಯೇ.

ಕಲಿಯುವ ಹುಡುಗರಿಗೆ ಕ್ಲೌಡ್ ಬಿಲ್ ಕಟ್ಟುವ ಅಗತ್ಯ ಇಲ್ಲ. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ಕೆ3ಎಸ್ ಇಳಿಸಿ. ಇಡೀ ಕುಬರ್ನೆಟೀಸ್ 100 ಎಂಬಿಗಿಂತ ಸಣ್ಣ ಒಂದೇ ಬೈನರಿಯಲ್ಲಿ ಬರುತ್ತದೆ. ಡಾಕರ್ ಮೊದಲೇ ಇದ್ದರೆ ಅದರೊಳಗೇ ಕ್ಲಸ್ಟರ್ ಓಡಿಸುವ ಕೈಂಡ್ ಸಾಕು. ಒಮ್ಮೆ ಇಮೇಜ್ ಎಲ್ಲ ಇಳಿಸಿಕೊಂಡ ಮೇಲೆ ನೆಟ್ ಇಲ್ಲದಿದ್ದರೂ ಆಟ ಆಡಬಹುದು, ಜುಲೈನಲ್ಲಿ ಇದು ಸಣ್ಣ ಲಾಭ ಅಲ್ಲ. ಬ್ಯಾಶ್ ಬರೆಯುವವರು ಶೆಲ್‌ಚೆಕ್ ಹಾಕಿಕೊಳ್ಳಿ, ಕೋಟ್ಸ್ ಎಲ್ಲಿ ಬಿಟ್ಟಿದ್ದೀರಿ ಅಂತ ಅದು ಮುಲಾಜಿಲ್ಲದೆ ಹೇಳುತ್ತದೆ. ಸ್ಕ್ರಿಪ್ಟ್ ಎರಡು ಸ್ಕ್ರೀನ್ ದಾಟಿತು ಅಂದರೆ ಪೈಥಾನ್‌ಗೋ ಗೋ ಭಾಷೆಗೋ ಹೋಗುವುದು ಒಳ್ಳೆಯದು.

ಕ್ಯೂಬ್‌ಸಿಟಿಎಲ್‌ಗೆ ಬರೀ ಕೆ ಅಂತ ಅಲಿಯಾಸ್ ಇಟ್ಟುಕೊಂಡವರು ಬ್ಯಾಶ್‌ನಲ್ಲಿ ಟ್ಯಾಬ್ ಒತ್ತಿದರೆ ಪಾಡ್ ಹೆಸರು ಬರುವುದಿಲ್ಲ ಅಂತ ದೂರುತ್ತಾರೆ. ಕಂಪ್ಲೀಟ್ ಕಮಾಂಡ್‌ನಲ್ಲಿ ಕ್ಯೂಬ್‌ಸಿಟಿಎಲ್‌ನ ಫಂಕ್ಷನ್ನನ್ನು ಕೆಗೂ ಜೋಡಿಸುವ ಒಂದು ಸಾಲು ಬೇಕು, ಕುಬರ್ನೆಟೀಸ್‌ನವರ ಕ್ವಿಕ್ ರೆಫರೆನ್ಸ್ (ಮೊದಲು ಚೀಟ್‌ಶೀಟ್ ಅನ್ನುತ್ತಿದ್ದ) ಪುಟದಲ್ಲಿ ಶುರುವಿಗೇ ಇದೆ. ಅಲ್ಲಿಂದ ತೆಗೆದು ಬ್ಯಾಶ್‌ಆರ್‌ಸಿಗೆ ಹಾಕಿ.