ಪ್ರೋಬ್ ಹಿಡಿಯುವ ಮೊದಲು ಡಾಪ್ಲರ್

ನಮ್ಮ ವಿಭಾಗಕ್ಕೆ ಅಲ್ಟ್ರಾಸೌಂಡ್ ಡಿಬ್ರೈಡ್‌ಮೆಂಟ್ ಯಂತ್ರ (ಕಂಪನದಿಂದ ಗಾಯದ ಸತ್ತ ಅಂಗಾಂಶ ತೆಗೆಯುವ ಸಾಧನ) ಬಂದ ಮೇಲೆ, ವಾಸಿಯಾಗದ ಹುಣ್ಣುಗಳೆಲ್ಲ ‘ಸ್ಲಫ್ ಇದೆ, ಅಲ್ಟ್ರಾಸೌಂಡ್ ಮಾಡಿ’ ಎಂಬ ಒಂದೇ ಸಾಲಿನ ಶಿಫಾರಸಿನೊಂದಿಗೆ ಬರತೊಡಗಿದವು. ಸ್ಲಫ್ ಎಂದರೆ ಗಾಯಕ್ಕೆ ಅಂಟಿಕೊಂಡ ಮೆತ್ತಗಿನ ಸತ್ತ ಅಂಗಾಂಶ. ಅಂದು ಬಂದ ಹಿರಿಯರಿಗೆ ಬಹುಕಾಲದ ಸಕ್ಕರೆ ಕಾಯಿಲೆ. ಹಿಮ್ಮಡಿಯ ಮೇಲೆ ಒಣಗಿ ಗಟ್ಟಿಯಾದ ಕಪ್ಪು ಪೊರೆ ಕೂತಿತ್ತು, ಅದರ ಅಂಚಿನಲ್ಲಿ ಮಾತ್ರ ತುಸು ಹಳದಿ ಸ್ಲಫ್ ಕಾಣುತ್ತಿತ್ತು.

ಸಹೋದ್ಯೋಗಿ ಗಾಯದ ಮೇಲೆ ಹಿಡಿಯುವ ಪ್ರೋಬ್ ಜೋಡಿಸಿ, ಮುಖಕವಚ ಧರಿಸಿ ಸಿದ್ಧರಾಗಿದ್ದರು. “ಎಬಿಪಿಐ 1.4 ಇದೆ ಮೇಡಂ, ರಕ್ತ ಚೆನ್ನಾಗಿಯೇ ಹರಿಯುತ್ತಿದೆ, ಶುರು ಮಾಡೋಣವೇ?” ಎಂದರು. ಎಬಿಪಿಐ ಎಂದರೆ ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದ ಅಂಕಿ. ನಾನು ಪಾದ ಮುಟ್ಟಿದೆ, ತಣ್ಣಗಿತ್ತು. ಸಕ್ಕರೆ ಕಾಯಿಲೆಯಲ್ಲಿ ಅಪಧಮನಿಯ ಗೋಡೆಗೆ ಸುಣ್ಣ ಕಟ್ಟಿಕೊಂಡರೆ, ಒತ್ತಡ ಅಳೆಯುವ ಪಟ್ಟಿ, ಅಂದರೆ ಕಫ್, ಎಷ್ಟು ಬಿಗಿದರೂ ನಾಳ ಅಮುಕುವುದಿಲ್ಲ, ಅಂಕಿ ಸುಳ್ಳಾಗಿ ಏರುತ್ತದೆ. ಹಾಗಾಗಿ 1.3 ದಾಟಿದ ಅಂಕಿ ಕಂಡಾಗ ಸಮಾಧಾನಕ್ಕಿಂತ ಸಂಶಯವೇ ಹುಟ್ಟಬೇಕು. ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಇಟ್ಟರೆ ಕೇಳಿಸಿದ್ದು ಏರಿಳಿತವಿಲ್ಲದ ಮಂದ ಸದ್ದು, ಹರಿವು ಕುಗ್ಗಿದ್ದರ ಸೂಚನೆ. ಹೊರಗೆ ಸರದಿ ಬೆಳೆಯುತ್ತಿತ್ತು, ದಿನದ ಸೆಷನ್ ಲೆಕ್ಕ ಕೇಳುವ ಕರೆ ಬಂದು ನಿಂತಿತು, ಕಾಲಿನ ಹೆಬ್ಬೆರಳಿಗೆ ಪುಟ್ಟ ಕಫ್ ಕಟ್ಟಿ ಒತ್ತಡ ಅಳೆಯುವವರೆಗೆ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಬಂದ ಅಂಕಿ 30 ಮಿ.ಮೀ. ಪಾದರಸಕ್ಕಿಂತ ಕೆಳಗಿತ್ತು. ಅಷ್ಟು ಕಡಿಮೆ ರಕ್ತವಿರುವ ಕಡೆ ಒಣ ಪೊರೆಯನ್ನು ಎಬ್ಬಿಸಿದ್ದರೆ, ಮುಚ್ಚಿದ್ದ ಜಾಗ ತೆರೆದು ಸೋಂಕಿಗೆ ದಾರಿಯಾಗುತ್ತಿತ್ತು. ಯಂತ್ರ ಆರಿಸಿ, ಒಣ ಡ್ರೆಸ್ಸಿಂಗ್ ಮಾಡಿ, ವ್ಯಾಸ್ಕ್ಯುಲರ್ ಸರ್ಜನ್ (ರಕ್ತನಾಳಗಳ ಶಸ್ತ್ರವೈದ್ಯ) ಬಳಿಗೆ ತುರ್ತಾಗಿ ಕಳಿಸಿದೆ.

ಯಂತ್ರದ ಬಗ್ಗೆ ನನಗೆ ಅಪನಂಬಿಕೆಯಿಲ್ಲ. ಸುಮಾರು 25ರಿಂದ 40 ಕಿಲೋಹರ್ಟ್ಜ್ ಕಂಪನವು ಸಲೈನಿನಲ್ಲಿ ಸೂಕ್ಷ್ಮ ಗುಳ್ಳೆಗಳನ್ನೆಬ್ಬಿಸಿ, ಅಂಟಿಕೊಂಡ ಸ್ಲಫ್ ಮತ್ತು ಬಯೋಫಿಲ್ಮನ್ನು (ಬ್ಯಾಕ್ಟೀರಿಯಾಗಳು ಕಟ್ಟುವ ಲೋಳೆಪದರವನ್ನು) ಸಡಿಲಿಸುತ್ತದೆ, ಬ್ಲೇಡಿನ ನೋವು ತಾಳಲಾರದ ಅನೇಕರು ಇದನ್ನು ಸಹಿಸುತ್ತಾರೆ. ಆದರೆ ಬಯೋಫಿಲ್ಮ್ ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಅಭಿಧಮನಿಯ ಹುಣ್ಣಿಗೆ ಬಿಗಿ ಬ್ಯಾಂಡೇಜು, ಪಾದದ ಹುಣ್ಣಿಗೆ ಭಾರ ತಪ್ಪಿಸುವ ವ್ಯವಸ್ಥೆ ಇಲ್ಲದಿದ್ದರೆ ಎಷ್ಟು ತೊಳೆದರೂ ಗಾಯ ಅಲ್ಲೇ ಇರುತ್ತದೆ. ಆ ಹಿರಿಯರಿಗೂ ಮುಚ್ಚಿದ ರಕ್ತನಾಳ ತೆರೆದು ಪಾದ ಬೆಚ್ಚಗಾದ ಮೇಲೆಯೇ ಅಲ್ಟ್ರಾಸೌಂಡ್ ಮಾಡಿದೆವು, ಆಗ ಅದು ನಿಜವಾಗಿ ನೆರವಾಯಿತು.

ನನಗೆ ಇನ್ನೂ ಬೇಸರವಿರುವುದು ನಮ್ಮ ಚಿಕಿತ್ಸಾ ನಮೂನೆಯ ಬಗ್ಗೆ. ಅದರಲ್ಲಿ ನಿಮಿಷ, ತೀವ್ರತೆ, ಬಿಲ್ಲಿನ ಸಂಕೇತ ಎಲ್ಲಕ್ಕೂ ಜಾಗವಿದೆ, ಕಾಲ್ಬೆರಳಿನ ಒತ್ತಡಕ್ಕೆ ಇಲ್ಲ. ಸೆಷನ್ ಮುಗಿದ ಮೇಲೆ ತುಂತುರು ಬಿದ್ದ ಮೇಲ್ಮೈಗಳನ್ನೆಲ್ಲ ಒರೆಸಲು ಬೇಕಾಗುವ ಸಮಯವೂ ವೇಳಾಪಟ್ಟಿಯಲ್ಲಿಲ್ಲ. ನಮೂನೆ ಬದಲಿಸಿ ಎಂದು ಬರೆದು ಕೊಟ್ಟಿದ್ದೇನೆ. ಅದು ಬದಲಾಗುವವರೆಗೆ, ಕಾಲ್ಬೆರಳಿನ ಒತ್ತಡವನ್ನು ಹಾಳೆಯ ಮೇಲಂಚಿನಲ್ಲಿ ಕೈಯಿಂದ ಬರೆದ ನಂತರವೇ ನಮ್ಮ ತಂಡದವರು ಪ್ರೋಬ್ ಜೋಡಿಸುತ್ತಾರೆ.