ಪಕ್ಕದ ಖಾಲಿ ಸೈಟು

ದಾವಣಗೆರೆಯ ಹೊಸ ಬಡಾವಣೆಗಳಲ್ಲಿ ಮನೆ ಪಕ್ಕ ಒಂದು ಖಾಲಿ ಸೈಟು ಇದ್ದೇ ಇರುತ್ತೆ. ಖಾತೆ ಯಾರ ಹೆಸರಲ್ಲಿದೆಯೋ ಕಳೆಯ ಹೊಣೆಯೂ ಅವರದೇ. ಆದರೆ ಹಾವು, ಸೊಳ್ಳೆ ಬರೋದು ಪಕ್ಕದ ಮನೆಗೆ.

ಮಳೆ ಬಿದ್ದಿದೆ, ಕಾಂಗ್ರೆಸ್ ಗಿಡ ಇನ್ನೂ ಹೂ ಬಿಟ್ಟಿಲ್ಲ. ಕೀಳೋದಿದ್ರೆ ಈಗಲೇ ಕೀಳಬೇಕು. ನೆಲ ಹಸಿಯಿದ್ದಾಗ ಬೇರುಸಮೇತ ಬರುತ್ತೆ. ಹೂವಾದರೆ ಒಂದೇ ಗಿಡ ಸಾವಿರಾರು ಬೀಜ ಉದುರಿಸಿ, ಮುಂದಿನ ಮಳೆಗೆ ಮತ್ತೆ ಅದೇ ಪಾಡು. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಬೇಕೇ ಬೇಕು. ಇಲ್ಲಾಂದ್ರೆ ತುರಿಕೆ, ಸೀನು. ಎಲೆ ಮೇಲೆ ಪಟ್ಟೆಪಟ್ಟೆಯ ಪುಟ್ಟ ದುಂಬಿ ಕಂಡರೆ ಔಷಧಿ ಹೊಡೀಬೇಡಿ. ಈ ಗಿಡ ತಿನ್ನಲೆಂದೇ 1980ರ ದಶಕದಲ್ಲಿ ಮೆಕ್ಸಿಕೋದಿಂದ ತಂದು ಬಿಟ್ಟ ಜೀವ ಅದು. ಕಿತ್ತ ಜಾಗದಲ್ಲಿ ತಗಚೆ ಬೀಜ ಚೆಲ್ಲಿ, ಕಾಂಗ್ರೆಸ್ ಮತ್ತೆ ಏಳೋದು ಕಮ್ಮಿಯಾಗುತ್ತೆ.

ಬಳ್ಳಾರಿ ಜಾಲಿಯನ್ನ ಮೇಲೆ ಕಡಿದರೆ ಬುಡದಿಂದ ನಾಲ್ಕು ಕವಲು ಒಡೆಯುತ್ತೆ. ಸುಮಾರು ಒಂದಡಿ ಅಗೆದು ಬೊಡ್ಡೆಯನ್ನೇ ತೆಗೀಬೇಕು. ಬೆಂಕಿ ಹಚ್ಚೋದು ಬೇಡವೇ ಬೇಡ.

ಆ ಸೈಟಿನಲ್ಲಿರೋ ಪ್ಲಾಸ್ಟಿಕ್ ಕವರು, ತೆಂಗಿನ ಚಿಪ್ಪು ಮಾಲೀಕರು ತಂದು ಹಾಕಿದ್ದಲ್ಲ, ನಮ್ಮ ಕಾಂಪೌಂಡಿನಿಂದಲೇ ಹಾರಿದ್ದು ಅನ್ನೋದು ನೋಡಿದಾಗಲೆಲ್ಲ ಮನಸ್ಸಿಗೆ ಚುಚ್ಚುತ್ತೆ. ಚಿಪ್ಪಿನಲ್ಲಿ ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಬೆಳೆಯೋಕೆ ಏಳೆಂಟು ದಿನ ಸಾಕು. ವಾರಕ್ಕೊಮ್ಮೆಯಾದರೂ ಬೋರಲು ಹಾಕಿ.